ಜಾಲತಾಣಗಳೂ ಎರವಿನ ಒಡವೆಯೂ

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ದಿನಂಪ್ರತಿ ಹಾಸನಕ್ಕೆ ಬಂದುಹೋಗುವ ನಮ್ಮ ಸಹಪಾಠಿಗಳ ಕೈಯಲ್ಲಿ ಪುಸ್ತಕವಿರಲಿ ಇಲ್ಲದಿರಲಿ, ಮೊಬೈಲು ಮಾತ್ರ ಇದ್ದೇ ಇರುತ್ತದೆ. ಅದರಲ್ಲಿ ವಾಟ್ಸಾಪ್ ಇದೆ, ಇನ್‌ಸ್ಟಾಗ್ರಾಮ್ ಇದೆ, ಫೇಸ್‌ಬುಕ್ ಇದೆ, ಯೂಟ್ಯೂಬ್ ಇದೆ. ಇವು ನಾಲ್ಕು ಬೇರೆ ಬೇರೆ ಅಂಗಡಿಗಳೆಂದು ನಾವು ಭಾವಿಸುತ್ತೇವೆ. ಆದರೆ ಸ್ವಲ್ಪ ನಿಧಾನಿಸಿ ನೋಡಿದರೆ ಬೋರ್ಡು ಮಾತ್ರ ಬೇರೆ, ಒಳಗಿನ ಸರಕು ಬಹುಮಟ್ಟಿಗೆ ಒಂದೇ ಎಂಬುದು ಗೊತ್ತಾಗುತ್ತದೆ. ಒಂದು ದಿನವಿದ್ದು ಮಾಯವಾಗುವ ಚಿತ್ರಕ್ಕೆ ಒಂದು ಕಡೆ ‘ಸ್ಟೇಟಸ್’ ಎಂದು ಹೆಸರು, ಮತ್ತೊಂದು ಕಡೆ ‘ಸ್ಟೋರಿ’ ಎಂದು ಹೆಸರು. ಬೆರಳಿನಿಂದ ಮೇಲಕ್ಕೆ ತಳ್ಳುತ್ತ ನೋಡುವ ಗಿಡ್ಡ ವಿಡಿಯೋ ಇಲ್ಲಿ ‘ರೀಲ್ಸ್’, ಅಲ್ಲಿ ‘ಶಾರ್ಟ್ಸ್’. ಇದು ಹೇಗಾಯಿತು? ಇದು ತಪ್ಪೇ? ತಪ್ಪಾದರೂ ಒಪ್ಪಾದರೂ ಮಲೆನಾಡಿನ ಸೆರಗಿನಲ್ಲಿರುವ ನಮಗೆ ಇದರಿಂದ ಆಗಬೇಕಾದುದೇನು? ಈ ಮೂರು ಪ್ರಶ್ನೆಗಳನ್ನು ವಿಚಾರಿಸುವುದೇ ಈ ಪುಟ್ಟ ಲೇಖನದ ಉದ್ದೇಶ.

ಮೊದಲು ಚರಿತ್ರೆಯನ್ನು ನೋಡೋಣ. ಜಾಲತಾಣಗಳು ಪರಸ್ಪರ ಎರವು ಪಡೆಯುವುದು ನಿನ್ನೆ ಮೊನ್ನೆಯ ರೂಢಿಯಲ್ಲ. ಇಂದು ಎಲ್ಲ ಕಡೆಯೂ ಕಾಣುವ ‘ಲೈಕ್’ ಎಂಬ ಮೆಚ್ಚುಗೆಯ ಗುಂಡಿ ಫ್ರೆಂಡ್‌ಫೀಡ್ ಎಂಬ ತಾಣದಲ್ಲಿ ೨೦೦೭ರಲ್ಲೇ ಇತ್ತು. ಫೇಸ್‌ಬುಕ್ ಅಂತಹುದೇ ಗುಂಡಿಯನ್ನು ೨೦೦೯ರ ಫೆಬ್ರುವರಿಯಲ್ಲಿ ತಂದಿತು. ಅದೇ ವರ್ಷದ ಆಗಸ್ಟಿನಲ್ಲಿ ಫ್ರೆಂಡ್‌ಫೀಡನ್ನೇ ಕೊಂಡುಕೊಂಡಿತು. ಮಾತಿನ ಹಿಂದೆ ಅಡ್ಡಗೆರೆ ನಿಲುಗೆರೆಗಳ ಗುರುತು ಹಾಕಿ ವಿಷಯವಾರು ಜೋಡಿಸುವ ‘ಹ್ಯಾಶ್‌ಟ್ಯಾಗ್’ ಪದ್ಧತಿಯನ್ನು ಟ್ವಿಟರಿನಲ್ಲಿ ಕ್ರಿಸ್ ಮೆಸ್ಸಿನಾ ಎಂಬಾತ ಸೂಚಿಸಿದ್ದು ೨೦೦೭ರ ಆಗಸ್ಟಿನಲ್ಲಿ. ಅದು ಫೇಸ್‌ಬುಕ್ಕಿಗೆ ಬಂದದ್ದು ೨೦೧೩ರಲ್ಲಿ. ಇನ್ನು ಮಾಯವಾಗುವ ಚಿತ್ರಗಳ ಕಥೆ ಎಲ್ಲಕ್ಕಿಂತ ಪ್ರಸಿದ್ಧವಾದುದು. ೨೦೧೩ರ ಅಕ್ಟೋಬರಿನಲ್ಲಿ ಸ್ನ್ಯಾಪ್‌ಚಾಟ್ ಎಂಬ ಕಂಪನಿ ಇಪ್ಪತ್ತನಾಲ್ಕು ಗಂಟೆ ಮಾತ್ರ ಬಾಳುವ ‘ಸ್ಟೋರಿ’ಗಳನ್ನು ಹೊರತಂದಿತು. ವರ್ಷಕ್ಕೊಮ್ಮೆ ಮಾತ್ರ ಬಾಗಿಲು ತೆರೆಯುವ ಹಾಸನಾಂಬೆಯ ದರ್ಶನಕ್ಕೆ ಜನ ಹೇಗೆ ಮುಗಿಬೀಳುತ್ತಾರೆಂಬುದನ್ನು ಬಲ್ಲ ನಮ್ಮ ಊರಿನವರಿಗೆ, ಬೇಗ ಮುಚ್ಚಿಹೋಗುವುದರಲ್ಲಿ ಎಂತಹ ಸೆಳೆತವಿದೆಯೆಂದು ವಿವರಿಸಬೇಕಾಗಿಲ್ಲ. ಆ ಸೆಳೆತವನ್ನು ಕಂಡು ಇನ್‌ಸ್ಟಾಗ್ರಾಮ್ ೨೦೧೬ರ ಆಗಸ್ಟ್ ೨ರಂದು ಅದನ್ನೇ, ಹೆಸರನ್ನೂ ಬದಲಿಸದೆ, ತನ್ನಲ್ಲಿ ಸೇರಿಸಿಕೊಂಡಿತು. ೨೦೧೭ರ ಫೆಬ್ರುವರಿಯಲ್ಲಿ ವಾಟ್ಸಾಪ್, ಮಾರ್ಚಿಯಲ್ಲಿ ಫೇಸ್‌ಬುಕ್, ಹೀಗೆ ಒಂದೇ ಒಡೆತನದ ಮೂರು ಮನೆಗಳಿಗೂ ಆ ಒಡವೆ ಹೋಯಿತು. ಇದರ ಶ್ರೇಯಸ್ಸೆಲ್ಲ ಸ್ನ್ಯಾಪ್‌ಚಾಟಿಗೇ ಸಲ್ಲಬೇಕೆಂದು ಇನ್‌ಸ್ಟಾಗ್ರಾಮಿನ ಸ್ಥಾಪಕರಲ್ಲೊಬ್ಬರಾದ ಕೆವಿನ್ ಸಿಸ್ಟ್ರಮ್ ಆಗಲೇ ಬಹಿರಂಗವಾಗಿ ಒಪ್ಪಿಕೊಂಡರು. ಮುಚ್ಚುಮರೆಯೇ ಇಲ್ಲದ ಎರವಲು ಇದು.

ಗಿಡ್ಡ ವಿಡಿಯೋಗಳ ವಂಶವೃಕ್ಷವೂ ಹೀಗೆಯೇ ಇದೆ. ೨೦೧೩ರ ಜನವರಿಯಲ್ಲಿ ವೈನ್ ಎಂಬ ತಾಣ ಆರು ಸೆಕೆಂಡಿನ ವಿಡಿಯೋಗಳನ್ನು ಆರಂಭಿಸಿತು. ಐದೇ ತಿಂಗಳಲ್ಲಿ ಇನ್‌ಸ್ಟಾಗ್ರಾಮ್ ಹದಿನೈದು ಸೆಕೆಂಡಿನ ವಿಡಿಯೋ ತಂದಿತು. ವೈನ್ ಅಳಿಯಿತು. ಮ್ಯೂಸಿಕಲಿ ಬಂದಿತು, ೨೦೧೮ರಲ್ಲಿ ಅದು ಟಿಕ್‌ಟಾಕಿನಲ್ಲಿ ಲೀನವಾಯಿತು. ಟಿಕ್‌ಟಾಕ್ ನಮ್ಮ ಹಳ್ಳಿಹಳ್ಳಿಗೂ ಹರಡಿತು. ೨೦೨೦ರ ಜೂನ್ ೨೯ರಂದು ಭಾರತ ಸರ್ಕಾರವು ಟಿಕ್‌ಟಾಕೂ ಸೇರಿದಂತೆ ಚೀನಾ ಮೂಲದ ೫೯ ಆ್ಯಪುಗಳನ್ನು ನಿಷೇಧಿಸಿದಾಗ, ತೆರವಾದ ಆ ಜಾಗಕ್ಕೆ ಎಲ್ಲರೂ ಏಕಕಾಲದಲ್ಲಿ ನುಗ್ಗಿದರು. ಬೆಂಗಳೂರಿನ ಶೇರ್‌ಚಾಟ್ ಕಂಪನಿ ಕೆಲವೇ ದಿನಗಳಲ್ಲಿ ‘ಮೋಜ್’ ಎಂಬುದನ್ನು ಹೊರತಂದಿತು. ಡೈಲಿಹಂಟಿನವರು ‘ಜೋಶ್’ ತಂದರು. ಇನ್‌ಸ್ಟಾಗ್ರಾಮಿನ ರೀಲ್ಸ್ ನಮ್ಮ ದೇಶಕ್ಕೆ ಬಂದದ್ದು ಜುಲೈ ೮ರಂದು, ನಿಷೇಧವಾದ ಹತ್ತು ದಿನಗಳೊಳಗೆ. ಯೂಟ್ಯೂಬಿನ ಶಾರ್ಟ್ಸ್ ಸೆಪ್ಟೆಂಬರಿನಲ್ಲಿ ಮೊಟ್ಟಮೊದಲು ಭಾರತದಲ್ಲಿಯೇ ಪ್ರಯೋಗಕ್ಕೆ ಬಂದಿತು.

ಎರವು ಪಡೆದುದೆಲ್ಲ ಎಲ್ಲರಿಗೂ ಒಗ್ಗುತ್ತದೆಂದಲ್ಲ. ಟ್ವಿಟರ್ ೨೦೨೦ರಲ್ಲಿ ‘ಫ್ಲೀಟ್ಸ್’ ಎಂಬ ಹೆಸರಿನಲ್ಲಿ ಮಾಯವಾಗುವ ಸಂದೇಶಗಳನ್ನು ತಂದು, ೨೦೨೧ರ ಆಗಸ್ಟಿನಲ್ಲಿ ಆ ಸೌಕರ್ಯವನ್ನೇ ಮಾಯ ಮಾಡಬೇಕಾಯಿತು. ನೌಕರಿಯ ಪರಿಚಯಗಳಿಗಾಗಿ ಇರುವ ಲಿಂಕ್ಡ್‌ಇನ್ ತಾಣದ ಸ್ಟೋರಿಗಳ ಗತಿಯೂ ಅದೇ ವರ್ಷ ಅದೇ ಆಯಿತು. ಮದುವೆಮನೆಯ ಪೇಟವನ್ನು ಕಚೇರಿಗೆ ಹಾಕಿಕೊಂಡು ಹೋದರೆ ಹೇಗೋ ಹಾಗೆ.

ಈಗ ಎರಡನೆಯ ಪ್ರಶ್ನೆ. ಹೀಗೆ ಎರವು ಪಡೆಯುವುದು ತಪ್ಪೇ? ಅನುಕರಣೆಯೆಂದೊಡನೆ ಮೂಗು ಮುರಿಯುವವರು ನಮ್ಮಲ್ಲಿ ಹಲವರುಂಟು. ಆದರೆ ಎರವಿಲ್ಲದೆ ಬೆಳೆದ ಕಲೆ ಯಾವುದಿದೆ? ಪಂಪನು ಭಾರತದ ಕಥೆಯನ್ನು ವ್ಯಾಸರಿಂದ ಪಡೆದು ತನ್ನದನ್ನಾಗಿ ಮಾಡಿಕೊಂಡನು. ದೂರ ಹೋಗುವುದೇಕೆ? ನಮ್ಮ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ೧೨೪೬ರಲ್ಲಿ ನಿರ್ಮಿತವಾದ ಲಕ್ಷ್ಮೀನರಸಿಂಹ ದೇವಾಲಯವಿದೆ. ಅಲ್ಲಿ ಬೈಚೋಜ, ಮಲ್ಲಿತಮ್ಮ ಎಂಬ ಇಬ್ಬರು ಶಿಲ್ಪಿಗಳು ಕೆಲಸ ಮಾಡಿದ್ದಾರೆ. ದಕ್ಷಿಣ ಪಾರ್ಶ್ವದ ವಿಗ್ರಹಗಳು ಬೈಚೋಜನವೆಂದೂ ಉತ್ತರ ಪಾರ್ಶ್ವದವು ಮಲ್ಲಿತಮ್ಮನವೆಂದೂ ತಿಳಿದವರು ಹೇಳುತ್ತಾರೆ. ಬಳಪದ ಕಲ್ಲಾಗಲಿ, ಗೋಡೆಯ ಸುತ್ತ ಸಾಲಾಗಿ ನಿಂತ ವಿಗ್ರಹಗಳ ಕ್ರಮವಾಗಲಿ ಆ ಇಬ್ಬರ ಸ್ವಂತ ಶೋಧವಲ್ಲ. ಬೇಲೂರು, ಹಳೇಬೀಡುಗಳಲ್ಲಿ ಅವರ ಹಿಂದಿನವರು ಅವನ್ನು ಆಗಲೇ ಮೆರೆಸಿದ್ದರು. ಆ ಹಿಂದಿನವರೂ ಚಾಲುಕ್ಯರ ಶಿಲ್ಪಿಗಳಿಂದ ಪಡೆದಿದ್ದರು. ಆದರೂ ನುಗ್ಗೇಹಳ್ಳಿಯ ಗುಡಿಯನ್ನು ಕಂಡು ಯಾರೂ ಕಳ್ಳತನವೆನ್ನುವುದಿಲ್ಲ. ಒಂದೇ ಗೋಡೆಯ ಎರಡು ಬದಿಗಳಲ್ಲಿ ಇಬ್ಬರು ಒಂದೇ ಬಗೆಯ ಕೆಲಸ ಮಾಡಿದರು. ನೋಡುವವನು ಎರಡು ಕಡೆಯೂ ಪ್ರದಕ್ಷಿಣೆ ಬಂದು ಯಾವುದು ಮೇಲೆಂದು ತಾನೇ ತೀರ್ಮಾನಿಸುತ್ತಾನೆ.

ನಮ್ಮ ಕಾನೂನಿನ ಅಭಿಪ್ರಾಯವೂ ಇದೇ ಆಗಿದೆ. ಆರ್. ಜಿ. ಆನಂದ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ೧೯೭೮ರಲ್ಲಿ ಕೊಟ್ಟ ತೀರ್ಪಿನ ಪ್ರಕಾರ, ಕೃತಿಸ್ವಾಮ್ಯವು ವ್ಯಕ್ತಪಡಿಸಿದ ರೂಪಕ್ಕೆ ಮಾತ್ರ ಉಂಟು, ಭಾವನೆಗೆ ಇಲ್ಲ. ೧೯೭೦ರ ಪೇಟೆಂಟ್ ಕಾನೂನಾದರೋ ಕಂಪ್ಯೂಟರ್ ಪ್ರೋಗ್ರಾಮನ್ನು ಕೇವಲ ಪ್ರೋಗ್ರಾಮೆಂಬ ಕಾರಣಕ್ಕೆ ಪೇಟೆಂಟಿಗೆ ಅರ್ಹವೆನ್ನುವುದಿಲ್ಲ. ಇದು ಸರಿಯಾದ ನೀತಿಯೇ ಹೌದು. ಮೊದಲು ಬಂದವನಿಗೇ ‘ಲೈಕ್’ ಗುಂಡಿಯ ಮೇಲೆ ಶಾಶ್ವತ ಜಹಗೀರು ಬರೆದುಕೊಟ್ಟಿದ್ದರೆ, ಆಮೇಲೆ ಬರುವ ಬಡಪಾಯಿ ಅಂಗಡಿಯನ್ನೇ ತೆರೆಯುವಂತಿರಲಿಲ್ಲ.

ಹಾಗಾದರೆ ದೋಷವಿರುವುದೆಲ್ಲಿ? ಇದನ್ನು ತಿಳಿಯಲು ನಮ್ಮ ಸಂತೆಯನ್ನು ನೆನೆಯೋಣ. ಒಬ್ಬ ವ್ಯಾಪಾರಿ ಆಲೂಗಡ್ಡೆಯನ್ನು ತೊಳೆದು, ದಪ್ಪ ಸಣ್ಣವೆಂದು ಬೇರೆ ಮಾಡಿ ರಾಶಿ ಹಾಕುತ್ತಾನೆ. ಗಿರಾಕಿಗಳು ಅತ್ತ ಹೋಗುತ್ತಾರೆ. ಮರುವಾರ ಪಕ್ಕದವನೂ ಹಾಗೆಯೇ ಮಾಡುತ್ತಾನೆ. ಇದರಿಂದ ನಷ್ಟವಾದರೂ ಮೊದಲನೆಯವನು ದೂರುವಂತಿಲ್ಲ. ಕೊಳ್ಳುವವನಿಗಂತೂ ಲಾಭವೇ ಆಯಿತು. ಏಕೆಂದರೆ ಅವನು ನಾಲ್ಕು ಹೆಜ್ಜೆ ನಡೆದರೆ ಇವನ ಅಂಗಡಿ, ಮತ್ತೆ ನಾಲ್ಕು ಹೆಜ್ಜೆ ನಡೆದರೆ ಅವನ ಅಂಗಡಿ. ಅನುಕರಣೆಯನ್ನು ಆರೋಗ್ಯಕರ ಸ್ಪರ್ಧೆಯನ್ನಾಗಿ ಮಾಡುವುದು ಗಿರಾಕಿಯ ಕಾಲಿಗಿರುವ ಈ ಸ್ವಾತಂತ್ರ್ಯವೇ. ಜಾಲತಾಣದಲ್ಲಿ ಗಿರಾಕಿಯ ಕಾಲಿಗೆ ಹಗ್ಗವಿದೆ. ಅವನು ಅಲ್ಲಿಗೆ ಹೋದದ್ದು ಸರಕಿಗಾಗಿ ಅಲ್ಲ, ಜನಕ್ಕಾಗಿ. ಅಕ್ಕನ ಮನೆಯ ಗುಂಪು, ಹಳೆಯ ಶಾಲೆಯ ಗುಂಪು, ಹಾಲಿನ ಸೊಸೈಟಿಯ ಗುಂಪು ಎಲ್ಲವೂ ಅಲ್ಲಿವೆ. ಬೇರೆ ಬಾವಿಯ ನೀರು ಎಷ್ಟು ಸಿಹಿಯಾಗಿದ್ದರೂ ಊರಿನವರೆಲ್ಲ ನೀರಿಗೆ ಬರುವುದು ಈ ಬಾವಿಗೆ. ಒಬ್ಬನೇ ಕೊಡ ಹೊತ್ತು ಹೊಸ ಬಾವಿಗೆ ಹೋದರೆ ನೀರು ಸಿಕ್ಕೀತು, ಮಾತು ಸಿಕ್ಕದು.

ಈ ದೃಷ್ಟಿಯಿಂದ ಸ್ನ್ಯಾಪ್‌ಚಾಟಿನ ಪ್ರಸಂಗವನ್ನು ಮತ್ತೊಮ್ಮೆ ನೋಡಬೇಕು. ಇನ್‌ಸ್ಟಾಗ್ರಾಮ್ ಸ್ಟೋರಿಗಳನ್ನು ಎರವು ಪಡೆದು ಒಂಬತ್ತು ತಿಂಗಳು ತುಂಬುವುದರೊಳಗೆ ಅವನ್ನು ದಿನಕ್ಕೆ ೨೦ ಕೋಟಿ ಜನ ಬಳಸುತ್ತಿದ್ದಾರೆಂದು ಸಾರಿತು. ಸ್ನ್ಯಾಪ್‌ಚಾಟಿನ ಒಟ್ಟು ದೈನಂದಿನ ಬಳಕೆದಾರರೇ ಆಗ ಅಷ್ಟು ಇರಲಿಲ್ಲ. ಇದು ಅದಕ್ಕಿಂತ ಉತ್ತಮವಾದ ಸ್ಟೋರಿಯೆಂದು ಜನ ಬಂದರೆ? ಅಲ್ಲ. ಜನ ಮೊದಲೇ ಅಲ್ಲಿದ್ದರು. ಒಡವೆ ಅವರಿದ್ದಲ್ಲಿಗೆ ಬಂದಿತು. ಹೊಸದನ್ನು ಕಂಡುಹಿಡಿದವನ ಶ್ರಮಕ್ಕೆ ಸಂದ ಫಲವನ್ನು ಜನರನ್ನು ಮೊದಲೇ ಕೂಡಿಹಾಕಿಕೊಂಡವನು ಉಂಡನು.

ಬಲಿಷ್ಠನು ದುರ್ಬಲನಿಂದ ಎರವು ಪಡೆದರೆ ಹೀಗಾಗುತ್ತದೆ. ದುರ್ಬಲನು ಬಲಿಷ್ಠನಿಂದ ಪಡೆದರೆ? ಅದಕ್ಕೆ ನಮ್ಮ ನಾಡಿನದೇ ಉದಾಹರಣೆಯಿದೆ. ೨೦೨೦ರ ಆರಂಭದಲ್ಲಿ ಬೆಂಗಳೂರಿನಲ್ಲಿ ‘ಕೂ’ ಎಂಬ ಜಾಲತಾಣ ಹುಟ್ಟಿತು. ಅಪ್ರಮೇಯ ರಾಧಾಕೃಷ್ಣ, ಮಯಾಂಕ್ ಬಿದಾವತ್ಕಾ ಎಂಬವರು ಅದರ ಸ್ಥಾಪಕರು. ಟ್ವಿಟರಿನ ಪಡಿಯಚ್ಚೆಂದು ಹೇಳಬಹುದಾದಷ್ಟು ಹೋಲಿಕೆ ಅದರಲ್ಲಿತ್ತು. ಅಲ್ಲಿ ನೀಲಿ ಹಕ್ಕಿ, ಇಲ್ಲಿ ಹಳದಿ ಹಕ್ಕಿ. ಅಲ್ಲಿ ‘ರೀಟ್ವೀಟ್’, ಇಲ್ಲಿ ‘ರೀಕೂ’. ಆದರೆ ಒಂದು ವಿಷಯದಲ್ಲಿ ಅದು ಯಾರ ಋಣದಲ್ಲೂ ಇರಲಿಲ್ಲ. ಅದು ಮೊದಲು ಬಾಯಿ ಬಿಟ್ಟದ್ದೇ ಕನ್ನಡದಲ್ಲಿ. ಹಿಂದಿ, ತೆಲುಗು, ತಮಿಳು ಮುಂತಾದುವು ಆಮೇಲೆ ಬಂದುವು. ಅಕ್ಷರ ಒತ್ತಲು ಬಾರದವನು ಬಾಯಿಂದ ಹೇಳಿದರೆ ಅದು ಬರೆದುಕೊಳ್ಳುತ್ತಿತ್ತು. ಒಂದು ಭಾಷೆಯಲ್ಲಿ ಬರೆದುದನ್ನು ಹಲವು ಭಾಷೆಗಳಲ್ಲಿ ಒಟ್ಟಿಗೆ ಪ್ರಕಟಿಸುವ ಅನುಕೂಲವೂ ಮುಂದೆ ಬಂದಿತು. ಹೋಲಿಸಿ ನೋಡಿ: ೨೦೦೬ರಲ್ಲಿ ಹುಟ್ಟಿದ ಟ್ವಿಟರಿನ ಗುಂಡಿಗಳೂ ಸೂಚನೆಗಳೂ ಕನ್ನಡದಲ್ಲಿ ದೊರೆತದ್ದು ೨೦೧೫ರಲ್ಲಿ. ‘ಕೂ’ ೨೦೨೦ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರದ ಆತ್ಮನಿರ್ಭರ ಆ್ಯಪ್ ಸ್ಪರ್ಧೆಯ ವಿಜೇತರಲ್ಲೊಂದಾಯಿತು. ೨೦೨೧ರಲ್ಲಿ ಟ್ವಿಟರಿಗೂ ಸರ್ಕಾರಕ್ಕೂ ಮನಸ್ತಾಪ ಬಂದಾಗ ಮಂತ್ರಿಗಳು ಅಲ್ಲಿಗೆ ಬಂದರು, ಇಲಾಖೆಗಳು ಬಂದುವು. ಉಚ್ಛ್ರಾಯದ ಕಾಲದಲ್ಲಿ ದಿನಕ್ಕೆ ೨೧ ಲಕ್ಷ ಜನ ಬಳಸುತ್ತಿದ್ದರೆಂದು ಸ್ಥಾಪಕರೇ ಹೇಳಿದ್ದಾರೆ. ಆದರೂ ೨೦೨೪ರ ಜುಲೈಯಲ್ಲಿ ಅದು ಬಾಗಿಲು ಮುಚ್ಚಿತು.

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಹೇಳಿ ಈ ಸಂಗತಿಯನ್ನು ಮುಗಿಸಿಬಿಡುವವರುಂಟು. ಹಣ ಸಾಲದಾಯಿತು, ಪಾಲುದಾರಿಕೆಯ ಮಾತುಕತೆ ಮುರಿಯಿತು ಎಂಬ ಕಾರಣಗಳೂ ಉಂಟು, ಅವು ನಿಜವೇ. ಆದರೆ ಎಲ್ಲಕ್ಕೂ ಕೆಳಗಿರುವ ಕಾರಣವನ್ನು ಇನ್ನೊಂದು ಘಟನೆ ತೋರಿಸಿಕೊಡುತ್ತದೆ. ೨೦೨೩ರ ಜುಲೈ ೫ರಂದು ಇನ್‌ಸ್ಟಾಗ್ರಾಮಿನ ಒಡೆಯರಾದ ಮೆಟಾ ಕಂಪನಿಯವರು ‘ಥ್ರೆಡ್ಸ್’ ಎಂಬುದನ್ನು ತೆರೆದರು. ಅದೂ ಟ್ವಿಟರಿನ ಪಡಿಯಚ್ಚೇ. ಐದು ದಿನಗಳಲ್ಲಿ ಅದಕ್ಕೆ ೧೦ ಕೋಟಿ ಜನ ಸೇರಿದರು. ‘ಕೂ’ ನಾಲ್ಕು ವರ್ಷ ಹೆಣಗಿದರೂ ಆಗದಿದ್ದುದು ಇವರಿಗೆ ಐದು ದಿನಗಳಲ್ಲಿ ಹೇಗಾಯಿತು? ಎರವು ಪಡೆದ ಒಡವೆ ಇಬ್ಬರದೂ ಒಂದೇ. ವ್ಯತ್ಯಾಸವಿಷ್ಟೆ: ಇನ್‌ಸ್ಟಾಗ್ರಾಮಿನಲ್ಲಿ ಖಾತೆಯಿದ್ದವನು ಅದೇ ಹೆಸರಿನಿಂದ ಒಳಗೆ ಬಂದು, ತಾನು ಅಲ್ಲಿ ಹಿಂಬಾಲಿಸುತ್ತಿದ್ದವರನ್ನೆಲ್ಲ ಒಂದು ಗುಂಡಿ ಒತ್ತಿ ಇಲ್ಲಿಯೂ ಹಿಂಬಾಲಿಸಬಹುದಾಗಿತ್ತು. ಅಂದರೆ ಜನರನ್ನು ಜೊತೆಯಲ್ಲಿ ಕರೆದೊಯ್ಯುವ ದಾರಿಯೊಂದು ಇದೆ, ಅದು ಕಷ್ಟವೂ ಅಲ್ಲ. ಆದರೆ ಆ ದಾರಿ ಒಡೆಯನ ಒಂದು ಮನೆಯಿಂದ ಅವನದೇ ಇನ್ನೊಂದು ಮನೆಗೆ ಮಾತ್ರ. ಬೆಂಗಳೂರಿನ ಹಳದಿ ಹಕ್ಕಿಗೆ ಆ ಬಾಗಿಲು ತೆರೆಯಲಿಲ್ಲ.

ಇದರ ನೋವು ಕಂಪನಿಗಳಿಗೆ ಮಾತ್ರವಾಗಿದ್ದರೆ ನಾವು ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ೨೦೨೦ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಂತಾಗ ನಮ್ಮ ದೇಶದಲ್ಲಿ ಅದರ ಬಳಕೆದಾರರು ಸುಮಾರು ೨೦ ಕೋಟಿ ಎಂದು ಅಂದಾಜು. ಅವರಲ್ಲಿ ಹಾಡುವವರಿದ್ದರು, ಸೋಬಾನೆ ಹೇಳುವವರಿದ್ದರು, ಗದ್ದೆಯ ಬದುವಿನ ಮೇಲೆ ನಿಂತು ನಗಿಸುವವರಿದ್ದರು. ನಗರದ ರಂಗಮಂದಿರದ ಮೆಟ್ಟಿಲನ್ನು ಎಂದೂ ಹತ್ತದವರಿಗೆ ಅದೊಂದು ರಂಗಸ್ಥಳವಾಗಿತ್ತು. ನಿಷೇಧದ ಯುಕ್ತಾಯುಕ್ತತೆಯನ್ನು ನಾನಿಲ್ಲಿ ಚರ್ಚಿಸುವುದಿಲ್ಲ. ನಾನು ಹೇಳತಕ್ಕದ್ದು ಇಷ್ಟೆ: ಹತ್ತು ದಿನಗಳೊಳಗೆ ಅಂತಹುದೇ ವೇದಿಕೆಗಳು ನಾಲ್ಕಾರು ಸಿದ್ಧವಾದುವು. ಸಂಗೀತ ಸೇರಿಸುವ ಉಪಾಯ, ಮೇಲಕ್ಕೆ ತಳ್ಳುವ ರೀತಿ ಎಲ್ಲವೂ ಹೊಸ ಮನೆಗೆ ಬಂದುವು. ಆದರೆ ಆ ಹಾಡುಗಾತಿ ವರ್ಷಗಟ್ಟಲೆ ಸಂಪಾದಿಸಿದ್ದ ಕೇಳುಗರು ಮಾತ್ರ ಬರಲಿಲ್ಲ. ಆಕೆ ಸೊನ್ನೆಯಿಂದ ಆರಂಭಿಸಬೇಕಾಯಿತು. ‘ಕೂ’ ಮುಚ್ಚಿದಾಗ ಅಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದವರಿಗೂ ಆದುದು ಇದೇ.

ಈ ಲೇಖನದ ಸಾರವೆಲ್ಲ ಇಲ್ಲಿದೆ. ಸೌಕರ್ಯಗಳು ಒಂದು ತಾಣದಿಂದ ಇನ್ನೊಂದಕ್ಕೆ ಯಾರ ಅಪ್ಪಣೆಯನ್ನೂ ಕೇಳದೆ ಹೋಗಿಬರುತ್ತಿವೆ. ಮನುಷ್ಯರು ಹೋಗಲಾರದೆ ನಿಂತಿದ್ದಾರೆ. ಗುಂಡಿಗೆ ಇರುವ ಸ್ವಾತಂತ್ರ್ಯ ಗುಂಡಿ ಒತ್ತುವವನಿಗೆ ಇಲ್ಲ. ಎರವನ್ನು ತಡೆಯುವುದು ಇದಕ್ಕೆ ಪರಿಹಾರವಲ್ಲ. ಎರವನ್ನು ದಂಡಿಸುವ ಕಾನೂನು ಬಂದಿದ್ದರೆ ಇನ್‌ಸ್ಟಾಗ್ರಾಮಿಗೆ ಮುಳ್ಳು ಚುಚ್ಚುತ್ತಿತ್ತು, ‘ಕೂ’ವಿನ ಕತ್ತೇ ಹೋಗುತ್ತಿತ್ತು. ಪರಿಹಾರವೆಂದರೆ ಮನುಷ್ಯನ ಕಾಲಿನ ಹಗ್ಗವನ್ನು ಬಿಚ್ಚುವುದು.

ಇದು ಕನಸಿನ ಮಾತಲ್ಲ. ನಮ್ಮ ದೇಶವೇ ಇದನ್ನು ಎರಡು ಸಲ ಮಾಡಿ ತೋರಿಸಿದೆ. ೨೦೧೧ರ ಜನವರಿ ೨೦ಕ್ಕೆ ಮುಂಚೆ ದೇಶದ ಬಹುಭಾಗದಲ್ಲಿ ಮೊಬೈಲ್ ಕಂಪನಿ ಬದಲಿಸಬೇಕಾದರೆ ನಂಬರನ್ನೇ ಬಿಡಬೇಕಾಗಿತ್ತು. ನಂಬರು ಬಿಟ್ಟರೆ ನೆಂಟರಿಷ್ಟರೆಲ್ಲ ತಪ್ಪಿಹೋಗುವರೆಂದು ಜನ ಎಷ್ಟು ತೊಂದರೆಯಾದರೂ ಸಹಿಸಿಕೊಂಡಿರುತ್ತಿದ್ದರು. ಆ ದಿನದಿಂದ ದೇಶಾದ್ಯಂತ ನಂಬರು ಗಿರಾಕಿಯದಾಯಿತು; ಕಂಪನಿ ಬದಲಾದರೂ ನಂಬರು ಉಳಿಯಿತು. ಎರಡನೆಯದು ೨೦೧೬ರಲ್ಲಿ ಬಂದ ಯುಪಿಐ. ಅರಕಲಗೂಡಿನ ಪೇಟೆಯಲ್ಲಿ ಎಳನೀರು ಮಾರುವವನ ಗಾಡಿಯ ಮೇಲೆ ಒಂದು ಚೌಕದ ಚೀಟಿ ಅಂಟಿಸಿರುತ್ತದೆ. ಕೊಳ್ಳುವವನ ಬಳಿ ಫೋನ್‌ಪೇ ಇರಲಿ, ಗೂಗಲ್ ಪೇ ಇರಲಿ, ಪೇಟಿಎಂ ಇರಲಿ, ಹಣ ಹೋಗಿ ಸೇರುತ್ತದೆ. ಆ ಆ್ಯಪುಗಳೂ ಒಂದರದನ್ನೊಂದು ನೋಡಿ ಎರವು ಪಡೆಯುತ್ತವೆ. ಆದರೆ ಅದರಿಂದ ಯಾರೂ ಬಂದಿಯಾಗುವುದಿಲ್ಲ. ಇಂದು ಒಂದು ಬೇಸರವಾದರೆ ನಾಳೆ ಇನ್ನೊಂದು. ಬ್ಯಾಂಕಿನ ಖಾತೆ ಅದೇ, ಎಳನೀರಿನವನೂ ಅವನೇ. ಹಣಕ್ಕೆ ಸಾಧ್ಯವಾದುದು ಮಾತಿಗೆ ಏಕೆ ಸಾಧ್ಯವಾಗಬಾರದು?

ಐರೋಪ್ಯ ಒಕ್ಕೂಟವು ೨೦೨೨ರಲ್ಲಿ ಮಾಡಿದ ಡಿಜಿಟಲ್ ಮಾರುಕಟ್ಟೆಗಳ ಕಾನೂನು ಈ ದಾರಿಯಲ್ಲಿ ಒಂದು ಹೆಜ್ಜೆಯಿಟ್ಟಿದೆ. ವಾಟ್ಸಾಪಿನಂತಹ ದೊಡ್ಡ ಸಂದೇಶ ತಾಣಗಳು, ಬೇರೆ ಸಣ್ಣ ತಾಣಗಳು ಕೇಳಿದರೆ ಅವುಗಳ ಬಳಕೆದಾರರೊಡನೆಯೂ ಸಂದೇಶ ವಿನಿಮಯಕ್ಕೆ ಅವಕಾಶ ಕೊಡಬೇಕೆಂದು ಅದು ವಿಧಿಸುತ್ತದೆ. ನಮ್ಮಲ್ಲಿ ನ್ಯಾಯಮೂರ್ತಿ ಬಿ. ಎನ್. ಶ್ರೀಕೃಷ್ಣ ಅವರ ಸಮಿತಿ ೨೦೧೮ರಲ್ಲಿ ಒಪ್ಪಿಸಿದ ಕರಡಿನಲ್ಲಿ, ಪ್ರಜೆಯು ತನ್ನ ಮಾಹಿತಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವ ಹಕ್ಕನ್ನು ಹೇಳಲಾಗಿತ್ತು. ೨೦೧೯ರ ಮಸೂದೆಯಲ್ಲಿಯೂ ಅದು ಇತ್ತು. ಆದರೆ ೨೦೨೩ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನಿನಲ್ಲಿ ಆ ಹಕ್ಕು ಕಾಣೆಯಾಗಿದೆ. ಅದನ್ನು ಮರಳಿ ಸೇರಿಸಬೇಕೆಂಬುದು ನನ್ನ ಮೊದಲನೆಯ ಒತ್ತಾಯ. ಆದರೆ ನಮ್ಮ ಚಿತ್ರಗಳನ್ನು ಗಂಟು ಕಟ್ಟಿ ಕೊಟ್ಟರಷ್ಟೇ ಸಾಲದು. ಹೊಸ ಮನೆಯಲ್ಲಿ ಕುಳಿತು ಹಳೆಯ ಮನೆಯವರೊಡನೆ ಮಾತಾಡಲು ಕಿಟಕಿಯೂ ಬೇಕು. ಐರೋಪ್ಯರದರಂತಹ ನಿಯಮ ಇಲ್ಲಿಯೂ ಬರಬೇಕೆಂಬುದು ಎರಡನೆಯ ಒತ್ತಾಯ.

ಇದಕ್ಕೆ ಆಕ್ಷೇಪಣೆಗಳಿಲ್ಲದೆ ಇಲ್ಲ. ಮೊದಲನೆಯದು ಭದ್ರತೆಯದು. ವಾಟ್ಸಾಪಿನ ಮಾತು ಕಳುಹಿಸಿದವನಿಗೂ ಪಡೆದವನಿಗೂ ಹೊರತು ಮೂರನೆಯವನಿಗೆ ತಿಳಿಯದಂತೆ ಬೀಗ ಹಾಕಿದೆ. ಕಿಟಕಿ ತೆರೆದರೆ ಕಳ್ಳನಿಗೂ ದಾರಿಯಾದೀತೆಂದು ಹೇಳುತ್ತಾರೆ. ಇದು ತೂಕವುಳ್ಳ ಮಾತು. ಆದುದರಿಂದಲೇ ಐರೋಪ್ಯ ಕಾನೂನು ಅದೇ ಮಟ್ಟದ ಬೀಗವನ್ನು ಉಳಿಸಿಕೊಂಡೇ ಬಾಗಿಲು ತೆರೆಯತಕ್ಕದ್ದೆಂದು ಹೇಳಿದೆ. ಕೆಲಸ ಕಷ್ಟವೆಂಬುದು ಅದನ್ನು ಜಾಗರೂಕತೆಯಿಂದ ಮಾಡುವುದಕ್ಕೆ ಕಾರಣವೇ ಹೊರತು ಮಾಡದಿರುವುದಕ್ಕಲ್ಲ. ಮಾಸ್ಟಡಾನ್ ಎಂಬ ಚಿಕ್ಕ ಜಾಲದಲ್ಲಿ ಒಂದು ಠಾವಿನಿಂದ ಇನ್ನೊಂದು ಠಾವಿಗೆ ಹೋಗುವವನು ತನ್ನ ಹಿಂಬಾಲಕರನ್ನು ಈಗಲೂ ಕರೆದೊಯ್ಯಬಹುದು. ಚಿಕ್ಕವರು ಮಾಡಿದುದನ್ನು ದೊಡ್ಡವರು ಮಾಡಲಾರದುದಕ್ಕೆ ಅಶಕ್ತಿ ಕಾರಣವಲ್ಲ, ಇಚ್ಛೆಯಿಲ್ಲದುದೇ ಕಾರಣ.

ಎರಡನೆಯ ಆಕ್ಷೇಪಣೆ ಇನ್ನೂ ಸ್ವಾರಸ್ಯವಾಗಿದೆ. ಮೆಟಾ ಕಂಪನಿ ೨೦೧೨ರಲ್ಲಿ ಇನ್‌ಸ್ಟಾಗ್ರಾಮನ್ನೂ ೨೦೧೪ರಲ್ಲಿ ವಾಟ್ಸಾಪನ್ನೂ ಕೊಂಡು ಏಕಸ್ವಾಮ್ಯ ಸ್ಥಾಪಿಸಿದೆಯೆಂದು ಅಮೆರಿಕ ಸರ್ಕಾರದ ವ್ಯಾಪಾರ ಆಯೋಗವು ೨೦೨೦ರಲ್ಲಿ ದಾವಾ ಹೂಡಿತು. ೨೦೨೫ರ ನವೆಂಬರಿನಲ್ಲಿ ನ್ಯಾಯಾಧೀಶ ಬೋಸ್‌ಬರ್ಗ್ ಅವರು ಆ ದಾವೆಯನ್ನು ಒಪ್ಪಲಿಲ್ಲ. ಟಿಕ್‌ಟಾಕ್, ಯೂಟ್ಯೂಬ್, ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳು ಈಗ ಬಹುಮಟ್ಟಿಗೆ ಒಂದೇ ತೆರನಾಗಿವೆ, ಆದುದರಿಂದ ಅವು ಪರಸ್ಪರ ಸ್ಪರ್ಧಿಗಳು ಎಂಬುದು ತೀರ್ಪಿನ ಒಂದು ಮುಖ್ಯ ಆಧಾರ. ಎರವು ಪಡೆದು ಪಡೆದು ಎಲ್ಲರೂ ಒಂದೇ ರೂಪವಾದುದೇ ಸ್ಪರ್ಧೆಯಿದೆಯೆಂಬುದಕ್ಕೆ ಸಾಕ್ಷಿಯಾಯಿತು! ಗಿಡ್ಡ ವಿಡಿಯೋ ನೋಡಿ ಹೊತ್ತು ಕಳೆಯುವವನಿಗೆ ಈ ಮಾತು ನಿಜವೇ. ಅವನು ಯಾವ ಅಂಗಡಿಗಾದರೂ ಹೋಗಬಹುದು. ಆದರೆ ಹಾಲಿನ ಸೊಸೈಟಿಯ ಗುಂಪಿನಲ್ಲಿರುವ ರೈತನಿಗೆ, ಕೇಳುಗರನ್ನು ಸಂಪಾದಿಸಿದ ಹಾಡುಗಾತಿಗೆ, ಕನ್ನಡದ ನಾಲ್ಕು ಓದುಗರನ್ನು ಗಳಿಸಿದ ಬರಹಗಾರನಿಗೆ ಇದು ನಿಜವಲ್ಲ. ನೋಡುವವನ ಸ್ವಾತಂತ್ರ್ಯ ಬೇರೆ, ಬಾಳುವವನ ಸ್ವಾತಂತ್ರ್ಯ ಬೇರೆ.

ಇನ್ನು ಮೂರನೆಯ ಪ್ರಶ್ನೆ: ಇದರಿಂದ ನಮಗೇನು? ಎಲ್ಲ ತಾಣಗಳೂ ಒಂದೇ ರೂಪವಾಗಿ, ಜನರೆಲ್ಲ ಎರಡು ಮೂರು ಒಡೆಯರ ಹಟ್ಟಿಯಲ್ಲಿ ಉಳಿದರೆ, ಕನ್ನಡದಿಂದ ಆರಂಭವಾಗುವ ತಾಣವೊಂದು ಮತ್ತೆ ಹುಟ್ಟುವುದು ದುಸ್ತರ. ಹುಟ್ಟಿದರೂ ‘ಕೂ’ವಿನ ಹಾದಿಯನ್ನೇ ಹಿಡಿದೀತು. ಆಗ ನಮ್ಮ ಭಾಷೆಗೆ ಯಾವ ಅನುಕೂಲ ಬೇಕು, ಯಾವಾಗ ಬೇಕು ಎಂಬುದನ್ನು ದೂರದೇಶದ ಕಚೇರಿಯೊಂದು ತನ್ನ ಲೆಕ್ಕಾಚಾರದ ಮೇಲೆ ನಿರ್ಧರಿಸುತ್ತದೆ. ಒಂಬತ್ತು ವರ್ಷ ಕಾದು ಗುಂಡಿಗಳ ಮೇಲೆ ಕನ್ನಡ ಅಕ್ಷರ ಕಂಡವರು ನಾವು. ಮುಂದೆಯೂ ಹಾಗೆಯೇ ಕಾಯಬೇಕೆ?

ಕಾನೂನು ಬರುವ ತನಕ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಬರೆದುದರ ಒಂದು ಪ್ರತಿ ನಮ್ಮಲ್ಲಿಯೇ ಇರಲಿ. ಆತ್ಮೀಯರ ನಂಬರು ವಿಳಾಸಗಳು ಒಂದೇ ತಾಣದ ಹೊಟ್ಟೆಯಲ್ಲಿರದೆ ನಮ್ಮ ಪ್ರತ್ಯೇಕ ಪಟ್ಟಿಯಲ್ಲಿಯೂ ಇರಲಿ. ನಮ್ಮ ಭಾಗದ ಪಾರ್ಲಿಮೆಂಟ್ ಸದಸ್ಯರಿಗೆ ರಸ್ತೆ, ರೈಲುಗಳ ಬಗ್ಗೆ ಅರ್ಜಿ ಬರೆಯುವಂತೆ ಈ ಹಕ್ಕಿನ ಬಗ್ಗೆಯೂ ಒಂದು ಅರ್ಜಿ ಹೋಗಲಿ. ರಾಜ್ಯಶಾಸ್ತ್ರ, ಅರ್ಥಶಾಸ್ತ್ರಗಳನ್ನು ಓದುತ್ತಿರುವ ನಮ್ಮಂತಹವರೇ ಇದನ್ನು ಬರೆಯದಿದ್ದರೆ ಇನ್ನಾರು ಬರೆಯುವರು?

ಕಂಪನಿಗಳು ಎರವು ಪಡೆಯಲಿ, ಬೇಡವೆನ್ನುವುದಿಲ್ಲ. ನುಗ್ಗೇಹಳ್ಳಿಯ ಗೋಡೆಯಂತೆ ಎರಡು ಬದಿಯಲ್ಲಿ ಇಬ್ಬರು ಕೆತ್ತಲಿ. ಆದರೆ ಸುತ್ತಿ ಬಂದು ನೋಡುವ ದಾರಿ ನಮಗೆ ಬಿಟ್ಟಿರಲಿ. ನಮ್ಮವರ ಕೈ ಹಿಡಿದೇ ಸುತ್ತುವಂತಿರಲಿ. ನಾವು ಕೇಳುವುದು ಇಷ್ಟೇ.